ಎರಡು ಮನಿ ನಾಯಿ, ಒಂದು ಉಣ್ಣಿ ಜ್ವರ

ದನದ ದವಾಖಾನೆಯ ಕಂಪೌಂಡರನಾದ ನನಗೆ ದನಗಳಿಂದ ತೊಂದರೆಯಿಲ್ಲ. ಅವುಗಳ ಜೊತೆ ಬರುವವರಿಂದ ಇಂಥ ಪ್ರಸಂಗಗಳು ಗಂಟು ಬೀಳುತ್ತಲೇ ಇರುತ್ತವೆ. ಇದರಲ್ಲಿ ಹನ್ನೆರಡಾಣೆ ಖರೆ, ಉಳಿದದ್ದು ನನ್ನದು.

ಬಾಗೇವಾಡಿಯ ನಮ್ಮ ಓಣಿಯಲ್ಲೊಂದು ನಾಯಿಯಿತ್ತು. ಸಾಲಿ ಮಾಸ್ತರ ರಾಯರ ಮನೆಯಲ್ಲಿ ಅದು ರಾಜಾ, ಮೊಸರನ್ನ ಉಣ್ಣುವುದು. ಎದುರಿನ ಕಾಳಿನ ವ್ಯಾಪಾರಿ ಸಾಹೇಬರಲ್ಲಿ ಮೋತಿ, ಎಲುಬು ಕಡಿಯುವುದು. ಯಾರನ್ನಾದರೂ ಕಚ್ಚಿದ ದಿನ ಮಾತ್ರ ಎರಡೂ ಮನೆಯವರಿಗೆ ಅದು ಎದುರು ಮನೆಯದು. ಒಂದು ಬ್ಯಾಸಿಗೆಯಲ್ಲಿ ಉಣ್ಣಿ ಜ್ವರ ಬಂದು, ಒಸಡು ಬೆಳ್ಳಗಾಗಿ ಮಲಗಿಬಿಟ್ಟಿತು. ಡಾಕ್ಟರು ಸೂಜಿ ಚುಚ್ಚಿ ಹೇಳಿದರು: "ಮೈಮ್ಯಾಗಿನ ಉಣ್ಣಿ ಹೋಗಬೇಕು, ಹೊಟ್ಟಿಗಿ ಕೂಳು ಹೋಗಬೇಕು. ಒಂದು ತಪ್ಪಿದ್ರೂ ನಾಯಿ ಹೋಗತೈತಿ."

ಉಣ್ಣಿ ಯಾರವು?

ನಿಮ್ಮ ನಿಮ್ಮ ಕೊಟ್ಟಿಗೆಗೆ ಉಣ್ಣಿ ಸಾಯುವ ಪುಡಿ ಹೊಡೆಯಿರೆಂದರೆ ಇಬ್ಬರೂ ಕೇಳಲೊಲ್ಲರು. ರಾಯರ ಕಿವಿಯಲ್ಲಿ, "ಉಣ್ಣಿ ನಿಮ್ಮ ಎಮ್ಮೀವಂತ, ಸಾಹೇಬ್ರು ಅನ್ನಾಕತ್ತಾರ್ರಿ" ಎಂದೆ. ಸಾಹೇಬರಿಗೆ, "ನಿಮ್ಮ ಆಡಿನವಂತ, ರಾಯರು ಓಣಿ ತುಂಬ ಹೇಳಾಕತ್ತಾರ್ರಿ" ಎಂದೆ. ಸಂಜೆಯೊಳಗೆ ಎರಡೂ ಕೊಟ್ಟಿಗೆ ಲಗ್ನದ ಮನೆಯ ಹಾಗೆ ಸ್ವಚ್ಛವಾದವು. ಉಳಿದ ಉಣ್ಣಿ ನನ್ನ ಧೋತರ ಹಿಡಿದು ಮನೆಗೆ ಬಂದವು. "ಇವು ಯಾರವು?" ಎಂದಳು ಹೆಂಡತಿ. ಆಕೆಗೆ ಯಾರ ಹೆಸರು ಹೇಳಲಿ?

ಏಕಾದಶಿ

ಮರುದಿನ ರಾಯರು ನಾಯಿಯ ಉಣ್ಣಿ ಕಿತ್ತು ಡಬ್ಬಿ ತುಂಬಿದರು. ಅವು ಸಾಯಲೆಂದು ದೀಪದ ಘಾಸಲೇಟ ಎಣ್ಣೆ ಸುರುವಬೇಕೆನ್ನುವಾಗ ಒಳಗಿಂದ ಅವರ ತಾಯಿ, "ಇವತ್ತ ಏಕಾದಶಿ ಅದ. ಜೀವ ತಗೀಬ್ಯಾಡೋ" ಎಂದರು. ರಾಯರು ಡಬ್ಬಿ ಎತ್ತಿಕೊಂಡು ಎದುರು ಮನೆಗೆ ನಡೆದರು.

"ಸಾಹೇಬ್ರ, ನಿಮಗ ಏಕಾದಶಿ ಇಲ್ಲಲ್ಲ?"

"ರೋಜಾ ಐತ್ರಿ. ಖಾಲಿ ಹೊಟ್ಟ್ಯಾಗ ಘಾಸಲೇಟ ವಾಸನಿ ತಡಕೊಳ್ಳಾಕ ಆಗೂದಿಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. "ನಿನಗೇನೈತೋ ಇವತ್ತ?"

"ನೌಕರಿ ಐತ್ರಿ" ಎಂದು ಡಬ್ಬಿ ಇಸಿದುಕೊಂಡೆ.

ಮೊಸರನ್ನದ ಮಹಿಮೆ

ಉಣ್ಣಿ ಹೋದವು, ನಾಯಿ ಏಳಲಿಲ್ಲ. "ಕಲೇಜಿ ತಿನಿಸ್ರಿ, ರಕ್ತ ಕೂಡತೈತಿ" ಎಂದರು ಡಾಕ್ಟರು. ಸಾಹೇಬರ ಹೆಂಡತಿ ಕುರಿಯ ಲಿವರು ತರಿಸಿ, ಬೇಯಿಸಿ ಹಿಡಿದರೆ ಮುಖ ತಿರುವಿತು. ಅದು ಬಾಯಿ ತೆರೆಯುತ್ತಿದ್ದುದು ರಾಯರ ತಾಯಿಯ ಮೊಸರನ್ನಕ್ಕೆ ಮಾತ್ರ. ಆ ಅಜ್ಜಿಯದೋ ಕಡಕ್ ಮಡಿ, ಉಳ್ಳಾಗಡ್ಡಿ ಸಹಿತ ಹೊಸ್ತಿಲು ದಾಟುವಂತಿಲ್ಲ.

ಅಜ್ಜಿ ಪತ್ರಾವಳಿಯಲ್ಲಿ ಮೊಸರನ್ನ ಕಟ್ಟೆಯ ಮೇಲಿಟ್ಟು ನೀರು ತರಲು ಒಳಗೆ ಹೋಗುತ್ತಿದ್ದರು. ಆಗ ಸಾಹೇಬರ ಹೆಂಡತಿ ಓಡಿಬಂದು, ಕಲೇಜಿಯನ್ನು ಬೆರಳಿನಿಂದ ಚೂರು ಮಾಡಿ ಅನ್ನದೊಳಗೆ ಹುಗಿಯುತ್ತಿದ್ದಳು. ಕಾವಲಿಗೆ ನಾನು. ಅಜ್ಜಿ ಬಂದು "ಉಣ್ಣೋ ರಾಜಾ" ಎಂದೊಡನೆ ಅದು ಎಲೆಯನ್ನೂ ಬಿಡುತ್ತಿರಲಿಲ್ಲ.

ಕೆಲವೇ ದಿನಗಳಲ್ಲಿ ನಾಯಿ ಎದ್ದು ಬಾಲ ಆಡಿಸಿತು. "ನಮ್ಮ ಮೊಸರನ್ನಕ್ಕೇ ಎದ್ದದ ನೋಡ್ರಿ" ಎಂದು ಅಜ್ಜಿ ಓಣಿಗೆಲ್ಲ ಸಾರಿದರು. ಸಾಹೇಬರ ಹೆಂಡತಿಯೂ ನಾನೂ ಎಲ್ಲರಿಗಿಂತ ಮೊದಲು ತಲೆಯಾಡಿಸಿದೆವು.

ಎಲ್ಲರೂ ಹೋದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದರು. "ಎದುರು ಮನಿ ಆಕೀಗೆ ಹೇಳೋ, ಮನ್ಯಾಗೇ ಸಣ್ಣ ಹೆಚ್ಚಿಕೊಂಡು ಬಾ ಅಂತ. ಒಂದು ತಂಬಿಗಿ ನೀರು ತರ್ಲಿಕ್ಕೆ ನಾ ಎಷ್ಟೊತ್ತಂತ ಒಳಗ ನಿಂದರ್ಲಿ?"