ಮಾಲೆ ಇರುವವರೆಗೆ ಮಾತು

ತವರಿನವರು ಕೊಟ್ಟ ಗ್ರೈಂಡರನ್ನು ಗುಜರಿಯವನಿಗೆ ಹಾಕಿ ಎರಡು ಪ್ಲಾಸ್ಟಿಕ್ ಬಕೆಟ್ ಈಸಿಕೊಂಡ ಗಂಡನೊಡನೆ ಯಾವ ಹೆಂಡತಿ ತಾನೇ ಮಾತಾಡುತ್ತಾಳೆ? ಯಮುನಾ ಮಾತು ಬಿಟ್ಟಳು. ಅವಳೇ ಮೊದಲು ಮಾತಾಡಿಸಲಿ ಎಂದು ಅಂಜನಮೂರ್ತಿಯೂ ಬಾಯಿಗೆ ಬೀಗ ಹಾಕಿಕೊಂಡ. ಗರುಡಾಚಾರ್‌ಪಾಳ್ಯದ ಆ ಎರಡು ಕೋಣೆಯ ಮನೆಯಲ್ಲಿ ಹೀಗೆ ಮಹಾಮೌನದ ಪ್ರತಿಷ್ಠಾಪನೆಯಾಯಿತು. ಟಿ.ವಿ. ಮಾತ್ರ ಇಬ್ಬರ ಪರವಾಗಿಯೂ ಕೂಗಾಡುತ್ತಿತ್ತು.

ಮೌನದ ನಡುವೆಯೇ ಯಮುನಾ ಮೇಲ್‌ಮರುವತ್ತೂರಿನ ಓಂ ಶಕ್ತಿ ಅಮ್ಮನ ಯಾತ್ರೆಗೆಂದು ಮಾಲೆ ಹಾಕಿ ಕೆಂಪು ಸೀರೆ ಉಟ್ಟಳು. ಪ್ರತಿ ವರ್ಷ ಬೀದಿಯ ಹೆಂಗಸರನ್ನೆಲ್ಲ ಬಸ್ಸು ಹತ್ತಿಸುವ ಧನಲಕ್ಷ್ಮಿ ಮನೆಗೇ ಬಂದು ಎಚ್ಚರಿಸಿದಳು: "ಅಣ್ಣಾ, ಮಾಲೆ ಹಾಕಿದ್ಮೇಲೆ ಅವಳು ನಿಮ್ ಹೆಂಡ್ತಿ ಅಲ್ಲ, ಅಮ್ಮನವರು. 'ಶಕ್ತಿ' ಅಂತಾನೇ ಕರೀಬೇಕು."

ಅಂಜನಮೂರ್ತಿಯ ತಲೆಯಲ್ಲಿ ಬಲ್ಬು ಹೊತ್ತಿತು. ಹೆಂಡತಿಯೇ ಅಲ್ಲದ ಮೇಲೆ ಮಾತಾಡಿಸಿದರೆ ಸೋಲು ಹೇಗಾದೀತು?

ಮರುದಿನ ಬೆಳಿಗ್ಗೆಯೇ ಕೈಮುಗಿದು ನಿಂತ. "ಓಂ ಶಕ್ತಿ! ಶಕ್ತೀ, ಉಪ್ಪಿಟ್ಟಿಗೆ ಉಪ್ಪೇ ಇಲ್ಲ."

ದೇವಿ ಕಣ್ಣು ಕಿರಿದು ಮಾಡಿದಳು. "ಭಕ್ತಾ, ಡಬ್ಬಿ ನಿನ್ ಮುಂದೇನೇ ಐತೆ. ಹಾಕ್ಕೊಂಡು ತಿನ್ನು."

ಭಕ್ತ! ಅದೂ ಏಕವಚನದಲ್ಲಿ! ಆದರೂ ಎಷ್ಟೋ ದಿನದ ಮೇಲೆ ಕೇಳಿದ ಆ ದನಿಗೇ ಅವನ ಹೊಟ್ಟೆ ತುಂಬಿತು. ಅಂದಿನಿಂದ ಮನೆಯಲ್ಲಿ ದೈವಸಂವಾದ ಅವ್ಯಾಹತವಾಗಿ ನಡೆಯಿತು.

"ಶಕ್ತೀ, ನನ್ ನೀಲಿ ಶರ್ಟೆಲ್ಲಿ?"

"ಭಕ್ತಾ, ನನ್ ಗ್ರೈಂಡರೆಲ್ಲಿ?"

(ಈ ಪ್ರಶ್ನೆ ಬಂದಾಗ ಮಾತ್ರ ಭಕ್ತ ಧ್ಯಾನಸ್ಥನಾಗಿಬಿಡುತ್ತಿದ್ದ.)

ಹೊರಡುವ ದಿನ ಅವಳ ಇರುಮುಡಿಗೆ ತಾನೂ ಒಂದು ಹಿಡಿ ಅಕ್ಕಿ ಹಾಕಿ, ಗಂಟನ್ನು ಅವಳ ತಲೆಯ ಮೇಲಿಟ್ಟು ಕಳಿಸಿಕೊಟ್ಟ. ಬಸ್ಸು ಹೋದ ಮೇಲೆ ನಿಜವಾದ ಮೌನ ಎಂಥದ್ದೆಂದು ತಿಳಿಯಿತು. ಟಿ.ವಿ. ಹಾಕಿದರೂ ಮನೆ ಮಾತಾಡಲಿಲ್ಲ.

ಮರುಸಂಜೆ ಬಸ್ಸಿಗಿಂತ ಮೊದಲೇ ಹೋಗಿ ಕಾದು ನಿಂತ. 'ಓಂ ಶಕ್ತಿ' ನಾಲಗೆಯ ತುದಿಯಲ್ಲೇ ಇತ್ತು. ಯಮುನಾ ಇಳಿದಳು. ಕೊರಳಲ್ಲಿ ತಾಳಿಯೊಂದೇ! ಮಾಲೆಯನ್ನು ಅಲ್ಲೇ ತೆಗೆದು ಬಂದಿದ್ದಾಳೆ. ಅಂದರೆ ಇವಳೀಗ ಶಕ್ತಿಯಲ್ಲ, ಅಪ್ಪಟ ಹೆಂಡತಿ. ಅವನು ತುಟಿ ಬಿಗಿದ. ಆದರೆ ಅವಳು ಕುಂಟುತ್ತಿದ್ದಳು.

"ಯಮುನಾ! ಕಾಲಿಗೇನಾಯ್ತೇ?"

ಬಸ್ಸಿನ ಕಿಟಕಿಗಳಿಂದ ಕೆಂಪು ಸೀರೆಗಳೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದವು.

"ಕೂತು ಕೂತು ಜೋಮು ಹಿಡ್ದೈತೆ, ಅಷ್ಟೇ ಕಣ್ರೀ," ಎಂದು ನಗುತ್ತಲೇ ಯಮುನಾ ಕಣ್ಣೊರೆಸಿಕೊಂಡಳು. "ಅಮ್ಮ ಎಷ್ಟು ಬೇಗ ಕಣ್ಬಿಟ್ಟಳು ನೋಡೇ, ಧನಲಕ್ಷ್ಮೀ!"

"ಯಾಕೆ? ಏನ್ ಬೇಡ್ಕೊಂಡೆ?" ಎಂದ ಅಂಜನಮೂರ್ತಿ.

"ಶಕ್ತಿ ಅಂತಲ್ಲ, ಹೆಂಡ್ತಿ ಅಂತ ನೀವೇ ಮೊದ್ಲು ಮಾತಾಡಿಸ್ಲಿ ಅಂತ. ಆಡ್ಸಿದ್ರೆ ಮುಂದಿನ್ ವರ್ಷ ನಿಮ್ಗೂ ಮಾಲೆ ಹಾಕ್ಸಿ ಕರ್ಕೊಂಡ್ ಬರ್ತೀನಿ ಅಂತ ಹರಕೆ."

"ನಿನ್ ಹರಕೆಗೆ ನಾನ್ಯಾಕೆ ಮಾಲೆ ಹಾಕ್ಲಿ?"

ಧನಲಕ್ಷ್ಮಿ ಆಗಲೇ ಅವನ ಸೊಂಟವನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. "ಅಣ್ಣಂಗೆ ಕೆಂಪು ಪಂಚೆ ದೊಡ್ಡದೇ ಬೇಕಾಗ್ತದೆ."

ಅಂಜನಮೂರ್ತಿ ಹೆಂಡತಿಯ ಕೈಚೀಲ ಕಿತ್ತುಕೊಂಡು ಬಿರುಸಾಗಿ ನಾಲ್ಕು ಹೆಜ್ಜೆ ನಡೆದ. ಅವಳು ಕುಂಟುತ್ತಿರುವುದು ನೆನಪಾಗಿ ನಿಂತ.

"ಬಸ್ಸಲ್ಲಿ ಕಿಟಕಿ ಪಕ್ಕದ್ ಸೀಟು ನಂಗೇ ಬೇಕು," ಎಂದ.

"ಆಗಕ್ಕಿಲ್ಲ. ಅದು ನಂದು."

ಮನೆ ಮುಟ್ಟುವವರೆಗೂ ಇಬ್ಬರೂ ಅದಕ್ಕೇ ಜಗಳವಾಡಿದರು. ಬಾಗಿಲು ತೆರೆದ ಮೇಲೂ ನಿಲ್ಲಿಸಲಿಲ್ಲ.