ಗೊರಕೆ, ನಾಯಿ ಮತ್ತು ನನ್ನ ಖಾಸಗಿ ಸರ್ವರ್

ಜೆರಾಕ್ಸ್ ಅಂಗಡಿ ಇಟ್ಟವರಿಗೆ ಕಂಪ್ಯೂಟರಿನ ಸಕಲ ವಿದ್ಯೆಯೂ ತಾನಾಗಿಯೇ ಬಂದುಬಿಡುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಗೋಣಿಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಪಕ್ಕದಲ್ಲೇ ನನ್ನ ಗಂಡ ರುದ್ರೇಶ್ ಅವರ ಹಗ್ಗ, ಕತ್ತಿ, ಕಾಫಿಬುಟ್ಟಿಗಳ ಅಂಗಡಿ. ಹಿಂದಿನ ಏರಿನ ಮೇಲೆ ಮನೆ. ಮನೆಯಲ್ಲಿ ಅತ್ತೆ, ಮತ್ತು ಅತ್ತೆಯ ಮಂಡಿನೋವು.

ಎಲ್ಲ ಶುರುವಾದದ್ದು ನನ್ನ ಮೊಬೈಲಿನ ಅಧಿಕಪ್ರಸಂಗದಿಂದ. ಒಂದು ಬೆಳಿಗ್ಗೆ ಅದು, ಯಾರೂ ಕೇಳದಿದ್ದರೂ, ನನ್ನ ಮದುವೆಯ ಫೋಟೊವನ್ನೂ ಇತ್ತೀಚಿನ ಫೋಟೊವನ್ನೂ ಅಕ್ಕಪಕ್ಕ ಜೋಡಿಸಿ, ಹಿನ್ನೆಲೆಯಲ್ಲಿ ಕೊಳಲು ಊದಿಸಿ, ‘ಅಂದು, ಇಂದು’ ಎಂದು ತೋರಿಸಿತು. ಅಂದು ನಾನು ಚೌಕಟ್ಟಿನೊಳಗೆ ಇದ್ದೆ. ಇಂದು ಚೌಕಟ್ಟಿಗೆ ಜಾಗವೇ ಇರಲಿಲ್ಲ!

“ಎಲ್ಲೋ ಕೂತು ನನ್ನ ಫೋಟೊ ನೋಡಿ ಅಳತೆ ಹಾಕೋಕೆ ಈ ಕಂಪನಿಯವರಿಗೆ ಯಾರು ಅಧಿಕಾರ ಕೊಟ್ರು?” ಎಂದು ಕೂಗಾಡಿದೆ.

“ನೀನೇ ಮಾರಾಯ್ತಿ. ಕೇಳಿದ್ದಕ್ಕೆಲ್ಲ ಓಕೆ ಒತ್ತಿದ್ಯಲ್ಲ” ಎಂದರು ಇವರು, ದೋಸೆಯಿಂದ ತಲೆ ಎತ್ತದೆ.

ಆ ಕ್ಷಣವೇ ನಾನು ಅಂತರ್ಜಾಲ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದೆ. ಹಗಲೆಲ್ಲ ಜೆರಾಕ್ಸ್, ಬಿಡುವಾದಾಗ ವಿಡಿಯೊ ಪಾಠ. ನಮ್ಮ ಫೋಟೊ, ನಮ್ಮ ಕಾಗದಪತ್ರ ನಮ್ಮ ಮನೆಯಲ್ಲೇ ಇರಬೇಕು. ಅದಕ್ಕೆ ಮನೆಯಲ್ಲೇ ಒಂದು ಪುಟ್ಟ ಸರ್ವರ್ ಇಟ್ಟುಕೊಳ್ಳಬೇಕು. ಆಗ ಯಾವ ಕಂಪನಿಯೂ ಇಣುಕಲಾರದು ಎಂಬ ಜ್ಞಾನೋದಯವಾಯಿತು. ಸೋಪಿನ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ತರಿಸಿ, ಟಿವಿಯ ಪಕ್ಕದಲ್ಲಿ ಪ್ರತಿಷ್ಠಾಪಿಸಿ, ಅದಕ್ಕೊಂದು ಕೀಬೋರ್ಡ್ ಸಿಕ್ಕಿಸಿದೆ. ಅತ್ತೆ ಕುಂಕುಮ ಇಟ್ಟರು.

ಮನೆಯ ಫೋಟೊಗಳೆಲ್ಲ ಡಬ್ಬಿ ಸೇರಿದವು. ಅತ್ತೆಯ ಮಂಡಿಯ ಹಳೇ ರಿಪೋರ್ಟುಗಳನ್ನು ನಾನೇ ಸ್ಕ್ಯಾನ್ ಮಾಡಿ ಡಬ್ಬಿಗೆ ತುಂಬಿದೆ. ರಿಪೋರ್ಟೇ ಇರುವಾಗ ಫಿಲಂ ಯಾಕೆ ಎಂದು, ಕಾಗದದ ಜೊತೆ ಎಕ್ಸ್-ರೇ ಫಿಲಂ ಕೂಡ ಗುಜರಿಗೆ!

ಮನೆಯ ಇಂಟರ್ನೆಟ್ಟೂ ಡಬ್ಬಿಯ ಮೂಲಕವೇ ಹಾದು ಬರುವಂತೆ ಮಾಡಿದೆ, ಜಾಹೀರಾತುಗಳನ್ನು ಬಾಗಿಲಲ್ಲೇ ತಡೆಯಲಿ ಎಂದು. ಅದು ಜಾಹೀರಾತಿನ ಜೊತೆಗೆ ಇವರು ಕಾಫಿ ರೇಟು ನೋಡುವ ಪುಟವನ್ನೂ ಅತ್ತೆಯ ಧಾರಾವಾಹಿಯನ್ನೂ ತಡೆಯಿತು. “ಸ್ವಾತಂತ್ರ್ಯ ಬಂದ್ಮೇಲೆ ಎಂತದೂ ಕಾಣದೇ ಇಲ್ವಲ್ಲ ಗಿರಿಜಾ” ಎಂದರು ಅತ್ತೆ. ಹೋರಾಟವೆಂದರೆ ತ್ಯಾಗ ಇದ್ದೇ ಇರುತ್ತದೆ ಎಂದು ಸಮಾಧಾನ ಹೇಳಿದೆ.

ಕೊನೆಯದಾಗಿ ಪಾಸ್‌ವರ್ಡ್. ಕರೆಂಟು ಹೋಗಿ ಬಂದಾಗಲೆಲ್ಲ ಟಿವಿಯಲ್ಲಿ ಒಂದು ಪ್ರಶ್ನೆ ಮೂಡುತ್ತದೆ. ಪಾಸ್‌ವರ್ಡ್ ಒತ್ತದೆ ಡಬ್ಬಿ ತೆರೆಯುವುದಿಲ್ಲ. ಯಾರೂ ಊಹಿಸಲಾಗದ ಉದ್ದನೆಯ ವಾಕ್ಯ ಇಡಿ ಎಂದು ವಿಡಿಯೊದವನು ಹೇಳಿದ್ದ. ಬಹಳ ಯೋಚಿಸಿ, ಕನ್ನಡ ವಾಕ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ: “ನನ್ನ ಗಂಡನ ಗೊರಕೆಗೆ ಗೋಣಿಬೀಡಿನ ನಾಯಿ ಬೊಗಳುತ್ತೆ.”

ಯಾರಿಗೆ ಗೊತ್ತಾಗಬೇಕು?

ಒಂದು ದಿನ ಅತ್ತೆಯನ್ನು ಕರೆದುಕೊಂಡು ಚಿಕ್ಕಮಗಳೂರಿನ ಮೂಳೆ ಡಾಕ್ಟರ ಬಳಿ ಹೋದೆ. ಮಂಡಿ ಒತ್ತಿ ನೋಡಿ, “ಹಳೇ ರಿಪೋರ್ಟ್ ಕೊಡಿ. ಹೋಲಿಸಿ ನೋಡಿದ್ರೆ ಆಪರೇಷನ್ ಬೇಕಾ ಬೇಡ್ವಾ ಹೇಳ್ಬೋದು” ಎಂದರು ಡಾಕ್ಟರು.

ಆಪರೇಷನ್ ಎಂಬ ಶಬ್ದ ಕೇಳಿದ್ದೇ ಅತ್ತೆಯ ಮುಖ ಬಿಳಿಚಿಕೊಂಡಿತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಗಂಭೀರವಾಗಿ ಮೊಬೈಲ್ ತೆಗೆದು, “ನಮ್ಮದೇ ಸರ್ವರಿನಲ್ಲಿದೆ ಡಾಕ್ಟ್ರೇ, ಒಂದೇ ನಿಮಿಷ” ಎಂದೆ.

ಸರ್ವರ್ ಸಿಗಲಿಲ್ಲ. ಬೆಳಿಗ್ಗೆ ನಾವು ಬಸ್ಸು ಹತ್ತುವಾಗಲೇ ಗೋಣಿಬೀಡಿನಲ್ಲಿ ಲೈನಿನ ಮೇಲೆ ಕೊಂಬೆ ಬಿದ್ದು, ಕರೆಂಟು ಹೋಗಿ ಬಂದಿತ್ತು. ಡಬ್ಬಿ ಪಾಸ್‌ವರ್ಡಿಗಾಗಿ ಕಾದು ಕೂತಿತ್ತು.

ಹೊರಗಿನ ಹಾಲಿಗೆ ಬಂದು ಇವರಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿದ್ದರು. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ. ಡಬ್ಬಿ ತೆರೆಯದೆ ಮನೆಯ ಇಂಟರ್ನೆಟ್ಟೂ ಇಲ್ಲ. ಮೆಸೇಜು ಹಾಕಬಹುದಿತ್ತಲ್ಲ ಎನ್ನುತ್ತೀರಿ. ಪಾಸ್‌ವರ್ಡನ್ನು ಯಾವ ಕಾರಣಕ್ಕೂ ಮೆಸೇಜಿನಲ್ಲಿ ಕಳಿಸಬಾರದು, ಚೀಟಿಯಲ್ಲಿ ಬರೆಸಲೂಬಾರದು. ಅದು ಖಾಸಗಿತನದ ಮೊದಲ ಪಾಠ! ಆದ್ದರಿಂದ ಕೂಗಿದೆ.

“ನನ್ನ ಗಂಡನ...”

“ಎಂತದು? ಕೇಳಲ್ಲ! ತಡಿ, ಸ್ಪೀಕರ್ ಹಾಕ್ತೀನಿ.”

“ನನ್ನ! ಗಂಡನ! ಗೊರಕೆಗೆ!”

ಆಸ್ಪತ್ರೆಯ ಹಾಲಿನಲ್ಲಿ ಅಷ್ಟೂ ಜನ ಇತ್ತ ತಿರುಗಿದರು. ಕಾಲಿಗೆ ಪಟ್ಟಿ ಹಾಕಿಕೊಂಡಿದ್ದ ಹಿರಿಯರೊಬ್ಬರು, “ಮೂಗಿನ ಡಾಕ್ಟ್ರು ಮಹಡಿ ಮೇಲಮ್ಮ” ಎಂದರು.

ಅತ್ತ ಗೋಣಿಬೀಡಿನಿಂದ ಇವರ ಸಣ್ಣ ಧ್ವನಿ: “ನನ್ನ ಗೊರಕೆಗೆ ಎಂತಾಯ್ತು?”

“ಅದೇ ಪಾಸ್‌ವರ್ಡು! ಗೋಣಿಬೀಡಿನ ನಾಯಿ ಬೊಗಳುತ್ತೆ!”

ಫೋನಿನಲ್ಲಿ ಒಂದಲ್ಲ, ಹಲವು ನಗೆಗಳು ಕೇಳಿಸಿದವು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕತ್ತಿಯಂಗಡಿಯ ಮುಂದೆ ಸೇರಿದ್ದರು.

ಸಿಗ್ನಲ್ ಇದ್ದಲ್ಲಿ ಡಬ್ಬಿ ಇಲ್ಲ, ಡಬ್ಬಿ ಇದ್ದಲ್ಲಿ ಸಿಗ್ನಲ್ ಇಲ್ಲ. ಇವರು ಕೀಬೋರ್ಡಿನ ಮುಂದೆ ಕೂರಲು ಏರು ಹತ್ತಿದರು. ಪಕ್ಕದ ಹೋಟೆಲಿನ ಜಯಣ್ಣ ಫೋನು ಹಿಡಿದುಕೊಂಡರು. ಉಳಿದವರು ದಾರಿಯುದ್ದಕ್ಕೂ ಸಾಲಾಗಿ ನಿಂತು, ನಾನು ಹೇಳಿದ ಒಂದೊಂದೇ ಅಕ್ಷರವನ್ನು ಬಾಯಿಂದ ಬಾಯಿಗೆ ಮನೆಗೆ ಮುಟ್ಟಿಸಿದರು. ಖಾಸಗಿ ಸರ್ವರಿನ ಗುಪ್ತ ಸಂಕೇತಕ್ಕೆ ಇಷ್ಟು ದೊಡ್ಡ ಮೆರವಣಿಗೆ ಲೋಕದಲ್ಲಿ ಎಲ್ಲೂ ನಡೆದಿರಲಿಕ್ಕಿಲ್ಲ!

ನಾನು ‘ಜಿ’ ಎಂದರೆ ಏರಿನ ಮೇಲೆ ಅದು ‘ಡಿ’ ಆಗುತ್ತಿತ್ತು. ಮೊದಲ ಸಲ ತೆರೆಯಲಿಲ್ಲ. ಎರಡನೇ ಸಲವೂ ಇಲ್ಲ.

“ಗಿರಿಜಕ್ಕ, ನಾಯಿಗೆ ಒಂದು ‘ಎ’ಯಾ ಎರಡು ‘ಎ’ಯಾ ಅಂತ ಮೇಲಿಂದ ಕೇಳ್ತಿದಾರೆ” ಎಂದರು ಜಯಣ್ಣ.

ನನಗೇ ನೆನಪಿರಲಿಲ್ಲ. “ಎರಡು ಹಾಕಿ ನೋಡಿ!” ಎಂದೆ.

ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಹೋ ಎಂಬ ಜಯಘೋಷ. ನಾಯಿಗೆ ಎರಡು ‘ಎ’!

ನನ್ನ ಮೊಬೈಲಿನಲ್ಲಿ ಸರ್ವರ್ ತೆರೆಯಿತು. ಆಸ್ಪತ್ರೆಯ ಹಾಲಿನಲ್ಲೂ ಯಾರೋ ಚಪ್ಪಾಳೆ ತಟ್ಟಿದರು. ನಾನು ಗೆದ್ದವಳಂತೆ ಒಳಗೆ ಹೋಗಿ ಮೊಬೈಲನ್ನು ಡಾಕ್ಟರ ಕೈಗಿತ್ತೆ. ಅವರು ಒಂದು ಪುಟ ಸರಿಸಿದರು. ಇನ್ನೊಂದು ಸರಿಸಿದರು. ಕನ್ನಡಕ ಒರೆಸಿಕೊಂಡು ಮತ್ತೊಂದು ಸರಿಸಿದರು.

“ಎಲ್ಲದ್ರಲ್ಲೂ ‘ನಿಮ್ಮ ಆರೋಗ್ಯವೇ ನಮ್ಮ ಭಾಗ್ಯ’ ಅಂತ ಮಾತ್ರ ಇದೆಯಲ್ಲಮ್ಮ?”

ಅದು ರಿಪೋರ್ಟಿನ ಹಿಂಬದಿ. ವರ್ಷಗಟ್ಟಲೆ ಊರಿನ ಕಾಗದಗಳನ್ನೆಲ್ಲ ಜೆರಾಕ್ಸ್ ಮಾಡಿದ ನಾನು ಅತ್ತೆಯ ಕಾಗದಗಳನ್ನು ಅಂಗಾತ ಹಾಕಿ ಸ್ಕ್ಯಾನ್ ಮಾಡಿದ್ದೆ. ಯಾವ ಕಂಪನಿಯೂ ಕದಿಯಲಾಗದಷ್ಟು ಭದ್ರವಾಗಿ ಹಾಳೆಗಳ ಬೆನ್ನನ್ನು ಕಾಪಾಡಿದ್ದೆ!

ಡಾಕ್ಟರು ನಗಲಿಲ್ಲ, ಅವರ ಮೀಸೆ ಮಾತ್ರ ನಡುಗಿತು. ಹೊಸದಾಗಿ ಎಕ್ಸ್-ರೇ ತೆಗೆಸಿ ನೋಡಿ, “ಸದ್ಯಕ್ಕೆ ಆಪರೇಷನ್ ಬೇಡ, ದಿನಾ ಸ್ವಲ್ಪ ನಡೀರಿ ಸಾಕು” ಎಂದರು. ಅತ್ತೆಗೆ ಹೋದ ಜೀವ ಬಂತು. ಬಸ್ಸಿನಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದರು: “ನನ್ನ ಮಗ ಅಷ್ಟು ಗೊರಕೆ ಹೊಡಿತಾನಾ? ಅವರಪ್ಪಂದಕ್ಕೆ ಕಾಡುಹಂದಿನೇ ತೋಟಕ್ಕೆ ಬರ್ತಿರ್ಲಿಲ್ಲ.” ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಇವರ ಆ ಸಣ್ಣ ಧ್ವನಿಯೇ ಕಿವಿಯಲ್ಲಿತ್ತು. ಇಡೀ ಊರಿನ ಎದುರು ಅವರನ್ನು ನಗೆಪಾಟಲು ಮಾಡಿದ್ದೆ, ಅದೂ ಖಾಸಗಿತನದ ಹೆಸರಿನಲ್ಲಿ.

ಮನೆಗೆ ಬಂದಾಗ ಇವರು ಟಿವಿಯ ಮುಂದೆ ಕೂತಿದ್ದರು.

“ತಪ್ಪಾಯ್ತು ರೀ” ಎಂದೆ.

“ನಿಜವಾಗ್ಲೂ ಬೊಗಳುತ್ತಾ?”

“ದಿನಾ ಇಲ್ಲ.”

ತಡೆಯಲಾಗದೆ ನಕ್ಕುಬಿಟ್ಟರು. ಆಮೇಲೆ ಗಂಭೀರವಾಗಿ, “ಆ ಪಾಸ್‌ವರ್ಡು ಇನ್ನು ನಡಿಯಲ್ಲ. ಊರಿಗೆಲ್ಲ ಗೊತ್ತು. ಹೇಗೆ ಬದಲಾಯಿಸದು ಹೇಳು” ಎಂದರು. ಹೇಳಿಕೊಟ್ಟೆ. “ಈಗ ಆ ಕಡೆ ತಿರುಗು.” ತಿರುಗಿದೆ. ನಿಧಾನವಾಗಿ, ಒಂದೇ ಬೆರಳಿನಲ್ಲಿ, ಬಹಳ ಹೊತ್ತು ಒತ್ತಿದರು. ಉದ್ದನೆಯ ವಾಕ್ಯವೇ ಇರಬೇಕು.

ಈಗ ಕರೆಂಟು ಹೋಗಿ ಬಂದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿ ನಿಲ್ಲಬೇಕು. ಇವರು ಒತ್ತುತ್ತಾರೆ, ಪಕ್ಕದಲ್ಲಿ ಕೂತ ಅತ್ತೆ ಕಿಸಕ್ಕನೆ ನಗುತ್ತಾರೆ. ಅಂಗಡಿಗೆ ಹೋದರೆ ಜಯಣ್ಣನೂ ನನ್ನ ಮುಖ ನೋಡಿ ನಗು ನುಂಗಿಕೊಳ್ಳುತ್ತಾರೆ. ನನ್ನ ಸರ್ವರ್ ಈಗ ನಿಜಕ್ಕೂ ಭದ್ರ. ಗೋಣಿಬೀಡಿನಲ್ಲಿ ಅದರ ಪಾಸ್‌ವರ್ಡು ಗೊತ್ತಿಲ್ಲದವಳು ಬಹುಶಃ ನಾನೊಬ್ಬಳೇ!