ಎಂಟನೇ ಹಾಡಿನ ಕೊನೆಯ ಚರಣ

ಎಲ್ಲ ರಾದ್ಧಾಂತಕ್ಕೂ ಕಾರಣ ವಿಷ್ಣುಪ್ರಸಾದ ಆಡಿದ ಒಂದು ಮಾತು. ನವುಲೆಯ ಸ್ಟುಡಿಯೋದಲ್ಲಿ ತಾನು ಹಾಡಿದ್ದನ್ನು ತಾನೇ ಕೇಳಿಸಿಕೊಂಡು, ಮುಖ ಕಿವುಚಿ, "ಇದು ನನ್ನ ದನಿ ಅಲ್ಲ ಮಾರಾಯ್ತಿ, ಫ್ರಿಜ್ಜಲ್ಲಿಟ್ಟ ಅನ್ನ" ಎಂದುಬಿಟ್ಟ.

ಸ್ಟುಡಿಯೋ ನಡೆಸುವ ಅಮೂಲ್ಯ ತಾಳ್ಮೆಯ ಹೆಣ್ಣು. ಆಲ್ಬಮ್ಮಿನ ಏಳು ಹಾಡು ಮುಗಿದಿದ್ದವು. ಎಂಟನೆಯದರಲ್ಲೂ ಉಳಿದಿದ್ದು ಕೊನೆಯ ಚರಣ ಮಾತ್ರ. ಗಿಟಾರು, ಡ್ರಮ್ಸು ಎಲ್ಲ ನಿಂತುಹೋಗಿ ಬರೀ ಕಂಠ ಹಾಡಬೇಕಾದ ನಾಲ್ಕು ಸಾಲು.

"ಮತ್ತೆ ಎಲ್ಲಿ ಹಾಡ್ತೀರಾ ಸಾರ್?" ಎಂದಳು.

"ಭದ್ರಾವತೀಲಿ. ಹಾಲೇಶನ ಕ್ವಾರ್ಟರ್ಸಲ್ಲಿ. ಆ ಹಾಡು ಹುಟ್ಟಿದ್ದೇ ಆ ರೂಮಲ್ಲಿ."

ರವೀಂದ್ರನಗರದಲ್ಲಿ ಮನೆ, ವಿಮಾ ಕಚೇರಿಯಲ್ಲಿ ಕುರ್ಚಿ, ಮುಂದೆ ಸ್ವಲ್ಪ ಹೊಟ್ಟೆ. ಈಗ ನೋಡಿದವರು ನಂಬುವುದಿಲ್ಲ, ಆದರೆ ಇಪ್ಪತ್ತೈದು ವರ್ಷದ ಹಿಂದೆ ವಿಷ್ಣುಪ್ರಸಾದ 'ಮೂರನೇ ಪಾಳಿ' ಎಂಬ ರಾಕ್ ಬ್ಯಾಂಡಿನ ಗಾಯಕ. ಗೋವಿಂದನದು ಗಿಟಾರು, ಹಾಲೇಶನದು ಡ್ರಮ್ಸು. ಹಾಲೇಶ ಕಾರ್ಖಾನೆಯ ಎರಡನೇ ಪಾಳಿ ಮುಗಿಸಿ ಬಂದ ಮೇಲೆಯೇ ಅಭ್ಯಾಸ, ಅದಕ್ಕೇ ಆ ಹೆಸರು. ಸಿನಿಮಾ ಹಾಡೂ ಅಲ್ಲದ, ಭಾವಗೀತೆಯೂ ಅಲ್ಲದ ಅವರ ಗದ್ದಲಕ್ಕೆ 'ಆಲ್ಟರ್ನೇಟಿವ್ ರಾಕ್' ಎಂದು ನಾಮಕರಣ ಮಾಡಿದವನು ಗೋವಿಂದ. ಸೈರನ್ನಿನ ಮೇಲೆ, ಸೈಕಲ್ಲಿನ ಮೇಲೆ, ಕ್ಯಾಂಟೀನಿನ ತಣ್ಣಗಾದ ಬೋಂಡಾದ ಮೇಲೆ ಹಾಡು ಕಟ್ಟಿದರು. ಆಲ್ಬಮ್ ಮಾಡೋಣ ಮಾಡೋಣ ಎನ್ನುತ್ತಲೇ ಮೂವರಿಗೂ ಮದುವೆಯಾಯಿತು. ಗೋವಿಂದ ಗೋಪಾಳದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ. ಕೂದಲು ಹೋಯಿತು, ಆಸೆ ಹೋಗಲಿಲ್ಲ. ಕಡೆಗೂ ಈ ವರ್ಷ ಕೈಹಾಕಿದರು. ಆಲ್ಬಮ್ಮಿನ ಹೆಸರು 'ಸೈರನ್ ಆದ ಮೇಲೆ'.

ಆದರೆ ಮೂವರಲ್ಲಿ ಹಿರಿಯನಾದ ಹಾಲೇಶ ನಿವೃತ್ತನಾಗಿದ್ದ. ಅಂದು ಸಂಜೆಯೇ ಕ್ವಾರ್ಟರ್ಸಿನ ಕೀಲಿಕೈ ಒಪ್ಪಿಸಬೇಕಿತ್ತು. ಹಾಡಿದರೆ ಇವತ್ತು, ಇಲ್ಲವಾದರೆ ಎಂದೂ ಇಲ್ಲ.

ಅಮೂಲ್ಯಳ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿತ್ತು. ಹಾಗಾಗಿ ಸ್ಟುಡಿಯೋದ ದೊಡ್ಡ ಕಂಪ್ಯೂಟರನ್ನೇ ಬಿಚ್ಚಿ ಗೋವಿಂದನ ಓಮ್ನಿಗೆ ಹಾಕಿದರು. ವಿಷ್ಣುಪ್ರಸಾದ ಅದನ್ನು ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಯಿಂದ ಮೊಮ್ಮಗುವನ್ನು ಕರೆತರುವವನಂತೆ, ರಸ್ತೆಯ ಪ್ರತಿ ಉಬ್ಬಿಗೂ "ನಿಧಾನ, ನಿಧಾನ" ಎನ್ನುತ್ತ ಭದ್ರಾವತಿ ಮುಟ್ಟಿಸಿದ.

ಹಾಲೇಶ ಕೀಲಿಕೈ ಹಿಡಿದು ಕಾಯುತ್ತಿದ್ದ. ಸಾಮಾನೆಲ್ಲ ಸಾಗಿಸಿ ರೂಮು ಖಾಲಿಯಾಗಿತ್ತು. ಡ್ರಮ್ಸ್ ಇದ್ದ ಜಾಗದಲ್ಲಿ ನೆಲ ಸವೆದಿತ್ತು. ವಿಷ್ಣುಪ್ರಸಾದ ಒಮ್ಮೆ ಚಪ್ಪಾಳೆ ತಟ್ಟಿದ. ಅದೇ ಪ್ರತಿಧ್ವನಿ, ಅದೇ ಗೋಡೆ! ಆ ಗೋಡೆಗೆ ಕೈಯಿಟ್ಟು ಮೂಗೊರೆಸಿಕೊಂಡ. ಗೋವಿಂದ, "ಅಳೋದು ಆಮೇಲೆ ಅಳು, ಮೊದ್ಲು ಹಾಡು" ಎಂದು ಗದರಿದ.

ಕಂಪ್ಯೂಟರಿನ ಗುಂಯ್‌ಗುಡುವಿಕೆ ಬೇಡವೆಂದು ಅಮೂಲ್ಯ ಅದನ್ನು ಅಡಿಗೆಮನೆಯಲ್ಲಿಟ್ಟಳು. ಫ್ಯಾನು ಆರಿಸಿ, ಕಿಟಕಿ ಮುಚ್ಚುವಷ್ಟರಲ್ಲಿ ಹೊರಗಿನಿಂದ ಒಂದು ದನಿ: "ಏನೋ ಪ್ರಸಾದ, ಕೂದ್ಲೆಲ್ಲ ಎಲ್ಲೋ ಬಿಟ್ಟು ಬಂದೆ?"

ಪಕ್ಕದ ಮನೆಯ ಹುಲಿಗೆಮ್ಮ. ಒಂದು ಕಾಲದಲ್ಲಿ 'ಮೂರನೇ ಪಾಳಿ'ಯ ಪರಮಶತ್ರು. ಅವಳ ಬೈಗುಳಕ್ಕೆ ಹೆದರಿ ಗೋವಿಂದ ಎಷ್ಟೋ ಸಲ ಹಿತ್ತಲ ಗೋಡೆ ಹಾರಿ ಹೋಗಿದ್ದುಂಟು. ಈಗ ವಯಸ್ಸಾಗಿ, ಸೊಂಟ ಬಗ್ಗಿ, ಮುಖದಲ್ಲಿ ನಗು ಬಂದಿತ್ತು.

"ಹುಲಿಗೆಮ್ಮಕ್ಕಾ, ಒಂದೈದು ನಿಮಿಷ ಸದ್ದಿರ್ಬಾರ್ದು. ಅಷ್ಟು ಸಾಕು ನಂಗೆ" ಎಂದು ವಿಷ್ಣುಪ್ರಸಾದ ಕೈಮುಗಿದ.

"ನಾನಿದೀನಲ್ಲೋ. ನೀನು ಹಾಡು, ಒಂದು ನೊಣ ಹಾರದಂಗೆ ನೋಡ್ಕೋತೀನಿ."

ಲೋಕದಲ್ಲಿ ಹೆಚ್ಚಿನ ಕೆಲಸ ಕೆಡುವುದು 'ನಾನಿದೀನಲ್ಲ' ಎನ್ನುವವರಿಂದಲೇ.

ವಿಷ್ಣುಪ್ರಸಾದ ಮೈಕಿನ ಮುಂದೆ ನಿಂತು ಮೊದಲ ಸಾಲು ಎತ್ತಿದ. ಆಚೆಮನೆಯ ಧನಲಕ್ಷ್ಮಿಯ ಕುಕ್ಕರು ಸೀಟಿ ಹೊಡೆಯಿತು. ಅದರ ಹಿಂದೆಯೇ ಹುಲಿಗೆಮ್ಮನ ಗರ್ಜನೆ: "ಏ ಧನಲಕ್ಷ್ಮೀ! ಇಳ್ಸೇ ಅದನ್ನ! ಒಳಗೆ ರೆಕಾರ್ಡಿಂಗ್ ನಡೀತಿರೋದು ಕಾಣಲ್ವಾ?" ಕುಕ್ಕರಿನ ಸೀಟಿ ಸಣ್ಣದಾಗಿ ಬಿದ್ದಿತ್ತು, ಹುಲಿಗೆಮ್ಮ ಮಾತ್ರ ಸ್ಪಷ್ಟವಾಗಿ ರೆಕಾರ್ಡ್ ಆಗಿದ್ದಳು.

ಎರಡನೇ ಸಲ ತರಕಾರಿ ಗಾಡಿ ಬಂತು. ಹುಲಿಗೆಮ್ಮ ಗಾಡಿಯವನ ಮೈಕ್ ಆರಿಸಿ, ಗಾಡಿಯನ್ನು ಹಾಲೇಶನ ಕಿಟಕಿಯ ಕೆಳಗೇ ನಿಲ್ಲಿಸಿ, "ಇಲ್ಲೇ ಬಾಯ್ಮುಚ್ಕೊಂಡು ಮಾರು" ಎಂದಳು. ಅವನೇನೋ ಬಾಯಿ ಮುಚ್ಚಿದ. ಕೊಳ್ಳಲು ಬಂದ ಹೆಂಗಸರು ಮುಚ್ಚಬೇಕಲ್ಲ? ಬದನೆಕಾಯಿಯಲ್ಲಿ ಹುಳ ಇದೆಯೋ ಇಲ್ಲವೋ ಎಂಬ ಚರ್ಚೆ ಪೂರ್ತಿಯಾಗಿ ಎಂಟನೇ ಹಾಡಿಗೆ ಸೇರಿಕೊಂಡಿತು. ಹುಲಿಗೆಮ್ಮ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈದು ಅವರನ್ನು ಚದುರಿಸಿದಳು. ಬೈದದ್ದೂ ಸೇರಿಕೊಂಡಿತು.

ಆಮೇಲೆ ಬೀದಿಯವರೆಲ್ಲ ಸಹಾಯಕ್ಕೆ ನಿಂತರು. ಹೋಗಿ ಬರುವವರಿಗೆಲ್ಲ ಒಬ್ಬರಾದ ಮೇಲೊಬ್ಬರು "ಶ್! ಶ್!" ಎನ್ನುತ್ತಿದ್ದರೆ ಒಳಗೆ ಮೈಕಿಗೆ ಬಾಣಲೆಯಲ್ಲಿ ಹಪ್ಪಳ ಕರಿದಂತೆ ಕೇಳುತ್ತಿತ್ತು. ಅದು ನಿಂತಿತು ಎನ್ನುವಾಗ ಗೋವಿಂದನ ಜೇಬಿನ ಫೋನೇ ಹೊಡೆದುಕೊಂಡಿತು. ಅಂಗಡಿಯಿಂದ ಹೆಂಡತಿ, ಮುಕ್ಕಾಲಿಂಚಿನ ಮೊಳೆ ಎಲ್ಲಿದೆ ಎಂದು ಕೇಳಲು.

ಸಂಜೆಯಾಯಿತು. ಕ್ವಾರ್ಟರ್ಸು ನೋಡಿಕೊಳ್ಳುವ ಎಸ್ಟೇಟ್ ಆಫೀಸಿನ ಹೂವಪ್ಪ ಬೀಗ, ಅರಗು, ಮೊಹರು ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷನಾದ.

"ಹಾಲೇಶಪ್ಪಾರೇ, ಟೈಮಾಯ್ತು."

"ಒಂದೇ ಒಂದ್ಸಲ ಹೂವಪ್ಪ" ಎಂದ ಹಾಲೇಶ. "ಮೂವತ್ತು ವರ್ಷ ಇದ್ದೀನಪ್ಪ ಈ ಮನೇಲಿ."

ಹೂವಪ್ಪ ಗಡಿಯಾರ ನೋಡಿಕೊಂಡ. "ಹಾಡ್ಕೊಳ್ಳಿ. ಒಂದೇ ಸಲ ಮತ್ತೆ."

ಆಚೆ ಧನಲಕ್ಷ್ಮಿಯ ಟೀವಿಯಲ್ಲಿ ಧಾರಾವಾಹಿಯ ಅತ್ತೆ ಕಿರುಚುತ್ತಿದ್ದಳು. ಯಾರದೋ ಮನೆಯ ನೀರಿನ ಮೋಟರು ಗೊರಗುಡುತ್ತಿತ್ತು. ವಿಷ್ಣುಪ್ರಸಾದ ಕಿಟಕಿಯಿಂದ ಹುಲಿಗೆಮ್ಮನ ಕಡೆ ದೀನನಾಗಿ ನೋಡಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲಿಗೋ ಹೊರಟಳು. ಅಡಿಗೆಮನೆಯಿಂದ ಅಮೂಲ್ಯ "ಹೂಂ ಸಾರ್" ಎಂದಳು. ಆಗಿದ್ದಾಗಲಿ ಎಂದು ವಿಷ್ಣುಪ್ರಸಾದ ಕಣ್ಣು ಮುಚ್ಚಿದ.

ಏನಾಶ್ಚರ್ಯ! ಟೀವಿ ನಿಂತಿತು, ಮೋಟರು ನಿಂತಿತು. ಇಡೀ ಬೀದಿ ಉಸಿರು ಬಿಗಿಹಿಡಿದಂತೆ ಮೌನವಾಯಿತು.

"ಸೈಕಲ್ಲು ಸಾಲಾಗಿ ಮನೆಗೆ ಮರಳುವ ಹೊತ್ತು,
ನನ್ನೊಬ್ಬನ ಸೈಕಲ್ಲು ಎಲ್ಲಿಗೆ ಹೊರಟಿತ್ತು..."

ಗೋಡೆಗಳು ಅವನ ದನಿಯನ್ನು ಹಿಡಿದು, ಬೆಚ್ಚಗೆ ಮಾಡಿ ಹಿಂದಿರುಗಿಸಿದವು. ಅವನಿಗೆ ಮತ್ತೆ ಇಪ್ಪತ್ತಮೂರಾಯಿತು. ತಲೆತುಂಬ ಕೂದಲು ಬಂತು. ಪಾಳಿ ಮುಗಿಸಿ ಬಂದ ಹಾಲೇಶನ ಅಂಗಿಯ ಎಣ್ಣೆ ವಾಸನೆ ಮೂಗಿಗೆ ಬಂತು. ಕೊನೆಯ ಸಾಲಿನಲ್ಲಿ ದನಿ ಸ್ವಲ್ಪ ನಡುಗಿತು. ಎಲ್ಲಿ ನಡುಗಬೇಕೋ ಸರಿಯಾಗಿ ಅಲ್ಲಿಯೇ ನಡುಗಿತು. ಬದುಕಿನಲ್ಲಿ ಅಷ್ಟು ಚೆನ್ನಾಗಿ ಅವನು ಎಂದೂ ಹಾಡಿರಲಿಲ್ಲ.

ಕಣ್ಣು ಬಿಟ್ಟರೆ ಹಾಲೇಶ ಗೋಡೆಗೊರಗಿ ಅಳುತ್ತಿದ್ದ. ಗೋವಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಅಮೂಲ್ಯ ಅಡಿಗೆಮನೆ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದಳು.

"ಸಾರ್, ಅದು..."

"ಏನೂ ಹೇಳ್ಬೇಡಮ್ಮ. ನಂಗೊತ್ತು" ಎಂದು ವಿಷ್ಣುಪ್ರಸಾದ ತುಟಿಯ ಮೇಲೆ ಬೆರಳಿಟ್ಟ. "ಈಗ ಯಾರೂ ಮಾತಾಡ್ಬಾರ್ದು."

"ಹಾಗಲ್ಲ ಸಾರ್..."

"ಶ್!" ಎಂದರು ಗೋವಿಂದ, ಹಾಲೇಶ ಇಬ್ಬರೂ ಒಟ್ಟಿಗೆ.

ಹೂವಪ್ಪನೂ ಕಣ್ಣೊರೆಸಿಕೊಂಡ. "ಬಾಳ ಚೆನ್ನಾಗಿತ್ತು ಸಾರ್. ಸಾಮಾನು ತಗೊಂಡು ಈಚೆ ಬನ್ನಿ" ಎಂದ. ಎಲ್ಲ ಹೊರಬಂದದ್ದೇ ಬೀಗ ಜಡಿದ, ಅರಗು ಕಾಯಿಸಿ ಸುರಿದ, ಮೊಹರೊತ್ತಿದ. ಅದು ಆರಿದ ಮೇಲೆ ಅಮೂಲ್ಯಳಿಗೆ ಮಾತನಾಡಲು ಅವಕಾಶ ಸಿಕ್ಕಿತು.

"ಸಾರ್, ನೀವು ಶುರು ಮಾಡೋ ಹೊತ್ಗೇ ಕರೆಂಟ್ ಹೋಯ್ತು. ಕಂಪ್ಯೂಟರ್ ಆಫ್ ಆಗೋಯ್ತು. ಒಂದಕ್ಷರಾನೂ ರೆಕಾರ್ಡ್ ಆಗಿಲ್ಲ."

"ಮತ್ತೆ ನಿಲ್ಲಿಸ್ಬಾರ್ದಿತ್ತಾ ನನ್ನ?"

"ಹೆಂಗ್ ನಿಲ್ಲಿಸ್ಲಿ ಸಾರ್? ಅಷ್ಟು ಚೆನ್ನಾಗಿ ಹಾಡ್ತಿದ್ರಿ."

ವಿಷ್ಣುಪ್ರಸಾದ ಹೂವಪ್ಪನ ಕಡೆ ತಿರುಗಿದ. ಹೂವಪ್ಪ ಮೊಹರಿನ ಕಡೆ ಬೆರಳು ತೋರಿಸಿದ. ಇನ್ನು ಅದನ್ನು ಒಡೆಯಬೇಕಾದರೆ ಬೆಂಗಳೂರಿನಿಂದ ಸಾಹೇಬರು ಬರಬೇಕು. ವಿಷ್ಣುಪ್ರಸಾದ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ನವುಲೇಲಿ ಹಾಡಿದ್ದನ್ನೇ ಹಾಕೋಣ ಬಿಡಿ ಸಾರ್" ಎಂದಳು ಅಮೂಲ್ಯ ಮೆಲ್ಲಗೆ.

ಅಷ್ಟರಲ್ಲಿ ಹುಲಿಗೆಮ್ಮ ಏದುಸಿರು ಬಿಡುತ್ತ ಬಂದಳು. ಕಣ್ಣು ಒದ್ದೆಯಾಗಿತ್ತು. ಕೈಯಲ್ಲಿ ಪಿಂಗಾಣಿಯ ಫ್ಯೂಸು.

"ಯಾರೂ ನನ್ ಮಾತು ಕೇಳ್ಲಿಲ್ಲ ಕಣೋ. ಅದಕ್ಕೇ ಇಡೀ ಲೈನಿಂದೇ ಕಿತ್ತಾಕ್ಬಿಟ್ಟೆ. ಹೆಂಗೆ, ಒಂದ್ ಸದ್ದಿತ್ತಾ?" ಎಂದು ಅವನ ಪಕ್ಕದಲ್ಲಿ ಕುಳಿತಳು. ಅವನ ಬೋಳುತಲೆಯ ಮೇಲೆ ಕೈಯಾಡಿಸಿದಳು. "ಆವಾಗೆಲ್ಲ ನಿಮ್ ಗಲಾಟೆ ನಿಲ್ಲಿಸೋಕೆ ಎಷ್ಟ್ ಸಲ ಕಿತ್ತಿದ್ದೀನೋ ಇದನ್ನ. ಪಾಪ, ನೀವು ಲೈನ್‌ಮನ್‌ನ ಬೈಕೊಂಡು ಮಲಗ್ತಿದ್ರಿ. ನೀನು ಹಾಡ್ಲಿ ಅಂತ ಕಿತ್ತಿದ್ದು ಇವತ್ತೇ ಮೊದ್ಲು ಕಣೋ, ಪ್ರಸಾದ."